ಹಳೆಯ ಪುಟದ ಸಾಕ್ಷ್ಯ

ನಮ್ಮ ತಂದೆಯವರಿಗೆ ಮಂಗಳೂರಿನ ಬಂದರು ಪ್ರದೇಶದಲ್ಲಿ ಒಂದು ಸಣ್ಣ ದಿನಸಿ ಅಂಗಡಿಯಿತ್ತು. ಬೆಳಿಗ್ಗೆ ಬಾಗಿಲು ತೆರೆದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ದರದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಅಕ್ಕಿ, ಬೆಲ್ಲ, ತೆಂಗಿನೆಣ್ಣೆ, ಒಣಮೆಣಸು ಎಲ್ಲದರ ದರವೂ ನಿನ್ನೆಯದೇ ಆಗಿದ್ದರೂ ಹಲಗೆಯನ್ನು ಪೂರ್ತಿ ಅಳಿಸಿ, ಮೇಲ್ಗಡೆ ಆ ದಿನದ ತಾರೀಖು ಬರೆದು, ಮತ್ತೆ ಅದೇ ದರಗಳನ್ನು ಒಂದೊಂದಾಗಿ ಬರೆಯುತ್ತಿದ್ದರು. ಬಾಲ್ಯದಲ್ಲಿ ನನಗೆ ಇದು ವ್ಯರ್ಥ ಶ್ರಮವೆನಿಸುತ್ತಿತ್ತು. "ಅಬ್ಬ, ದರ ಬದಲಾಗಿಲ್ಲವಲ್ಲ, ತಾರೀಖು ಮಾತ್ರ ತಿದ್ದಿದರೆ ಸಾಲದೇ?" ಎಂದು ಒಮ್ಮೆ ಕೇಳಿದ್ದೆ. "ಬದಲಾಗಿಲ್ಲ ಎಂದು ನಿನಗೆ ಹೇಗೆ ಗೊತ್ತು? ಒಂದೊಂದನ್ನೂ ನೋಡಿದ ಮೇಲೆ ತಾನೇ ಗೊತ್ತಾಗುವುದು? ನೋಡದೆ ತಾರೀಖು ತಿದ್ದಿದರೆ ಅದು ಸುಳ್ಳು ಹೇಳಿದ ಹಾಗೆ" ಎಂದು ಅವರು ಉತ್ತರಿಸಿದ್ದರು.

ಆ ಮಾತಿನ ಅರ್ಥ ನನಗೆ ಮನದಟ್ಟಾದದ್ದು ಸುಮಾರು ಮೂವತ್ತು ವರ್ಷಗಳ ನಂತರ, ಬೆಂಗಳೂರಿನ ಒಂದು ಕಚೇರಿಯಲ್ಲಿ. ಅಂಗಡಿಯ ಹಲಗೆಗೂ ನನ್ನ ವೃತ್ತಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ನಾನು ಕಂಪ್ಯೂಟರ್ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಯಂತ್ರದ ಒಳಗೆ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ, ಯಾವುದು ಮಿತಿ ಮೀರುತ್ತಿದೆ, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಗಮನಿಸುವುದು ನನ್ನ ಕೆಲಸದ ಒಂದು ಭಾಗ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ತಪ್ಪು ಕಂಪ್ಯೂಟರಿನದ್ದಾಗಿರಲಿಲ್ಲ. ನಾನು ಬರೆದು, ನಂತರ ಮರೆತುಬಿಟ್ಟ ಒಂದು ಪುಟದ್ದಾಗಿತ್ತು.

ಒಂದು ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿರಬೇಕೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹಾಗಿಲ್ಲ. ಇದನ್ನು ಅರಿಯಲು ನಮ್ಮ ಹಳ್ಳಿಯ ಮನೆಗಳನ್ನು ನೆನಪಿಸಿಕೊಳ್ಳಿ. ಒಂದು ವಠಾರದಲ್ಲಿ ಹತ್ತು ಮನೆಗಳಿವೆ, ಎಲ್ಲಕ್ಕೂ ಸೇರಿ ಒಂದೇ ಬಾವಿ. ಜನಗಣತಿಗೆ ಬಂದವರು ಮನೆಮನೆಗೆ ಹೋಗಿ "ನೀವು ಬಳಸುವ ಬಾವಿಗಳೆಷ್ಟು?" ಎಂದು ಕೇಳಿದರೆ ಪ್ರತಿಯೊಬ್ಬರೂ "ಒಂದು" ಎಂದೇ ಹೇಳುತ್ತಾರೆ. ಯಾರೂ ಸುಳ್ಳು ಹೇಳಿಲ್ಲ. ಆದರೆ ಈ ಹತ್ತು ಉತ್ತರಗಳನ್ನು ಕೂಡಿಸಿ, ವಠಾರದಲ್ಲಿ ಹತ್ತು ಬಾವಿಗಳಿವೆ ಎಂದು ವರದಿ ಬರೆದರೆ ಅದು ಸುಳ್ಳಾಗುತ್ತದೆ. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಹಲವು ಪ್ರೋಗ್ರಾಂಗಳು ಮೆಮೊರಿಯ ಒಂದೇ ಭಾಗವನ್ನು ಹಂಚಿಕೊಂಡು ಬಳಸುತ್ತವೆ. ಪ್ರತಿಯೊಂದರ ಲೆಕ್ಕದಲ್ಲೂ ಆ ಭಾಗ ಪೂರ್ಣವಾಗಿ ಸೇರಿರುತ್ತದೆ.

ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಈ ಲೆಕ್ಕಗಳು ‘ಪ್ರೊಕ್’ ಎಂಬ ಒಂದು ವಿಶೇಷ ಕಡತಕೋಶದಲ್ಲಿ ಸಿಗುತ್ತವೆ. ಅಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ, ಅಂದರೆ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂಗೂ, ಅದರದೇ ಆದ ಫೈಲುಗಳಿವೆ. ‘ವಿಎಂ-ಸೈಜ್’ ಎಂಬ ಸಾಲು ಆ ಪ್ರಕ್ರಿಯೆ ತನಗಾಗಿ ಕಾದಿರಿಸಿಕೊಂಡ ವಿಳಾಸಗಳ ಒಟ್ಟು ವಿಸ್ತಾರವನ್ನು ಹೇಳುತ್ತದೆ. ಇದು ಸೈಟಿನ ನಕ್ಷೆಯಿದ್ದಂತೆ, ಅಷ್ಟೂ ಜಾಗದಲ್ಲಿ ಮನೆ ಕಟ್ಟಿರಬೇಕೆಂದಿಲ್ಲ. ‘ವಿಎಂ-ಆರ್‌ಎಸ್‌ಎಸ್’ ಎಂಬ ಸಾಲು ನಿಜವಾಗಿ ಮೆಮೊರಿಯಲ್ಲಿ ಕುಳಿತಿರುವ ಪಾಲನ್ನು ಹೇಳುತ್ತದೆ, ಆದರೆ ಅದರಲ್ಲಿ ಬಾವಿಯೂ ಸೇರಿದೆ. ಯಾವ ಸಾಲಿಗೆ ಯಾವ ಅರ್ಥ ಎಂಬುದನ್ನು ಸಾಲೇ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಕೈಪಿಡಿ. ಕೈಪಿಡಿಯಿಲ್ಲದಿದ್ದರೆ ಅಲ್ಲಿರುವುದು ಬರಿಯ ಅಂಕಿಗಳು.

2015ರಲ್ಲಿ ನಾನು ನಮ್ಮ ತಂಡಕ್ಕಾಗಿ ಅಂತಹ ಒಂದು ಪುಟ ಬರೆದೆ. ನಮ್ಮ ಮುಖ್ಯ ಸೇವೆ ಆಗ ಹಲವು ಪ್ರಕ್ರಿಯೆಗಳಾಗಿ ಓಡುತ್ತಿತ್ತು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಆರಂಭಿಸುತ್ತಿದ್ದೆವು. ಅವು ಪರಸ್ಪರ ಹಂಚಿಕೊಳ್ಳುತ್ತಿದ್ದ ಭಾಗ ಅತ್ಯಲ್ಪ. ಆದ್ದರಿಂದ ಪುಟದಲ್ಲಿ ಸರಳವಾಗಿ ಬರೆದೆ: ಎಲ್ಲ ಪ್ರಕ್ರಿಯೆಗಳ ವಿಎಂ-ಆರ್‌ಎಸ್‌ಎಸ್ ಕೂಡಿಸಿ. ಮೊತ್ತ 12 ಗಿಗಾಬೈಟ್ ದಾಟಿದರೆ ಪ್ರಕ್ರಿಯೆಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ. ಯಂತ್ರದಲ್ಲಿದ್ದದ್ದು 16 ಗಿಗಾಬೈಟ್. ಪುಟದ ಕೆಳಗೆ ನನ್ನ ಹೆಸರಿತ್ತು. ಬರೆದ ದಿನ ಅದು ಸರಿಯಾಗಿಯೇ ಇತ್ತು. ಅನೇಕರಿಗೆ ಉಪಯೋಗವಾಯಿತು. ನನಗೂ ಒಂದಿಷ್ಟು ಹೆಮ್ಮೆಯಿತ್ತು.

2018ರಲ್ಲಿ ನಾವು ಆ ಸೇವೆಯನ್ನು ಆರಂಭಿಸುವ ಕ್ರಮವನ್ನು ಬದಲಿಸಿದೆವು. ಮೊದಲು ಒಂದು ಪ್ರಕ್ರಿಯೆ ಬೇಕಾದ ಮಾಹಿತಿಯನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತದೆ. ಅನಂತರ ಅದು ತನ್ನ ಪ್ರತಿರೂಪಗಳನ್ನು ಹುಟ್ಟಿಸುತ್ತದೆ. ಹೀಗೆ ಹುಟ್ಟಿದವು ತಾಯಿ ತುಂಬಿಟ್ಟ ಮಾಹಿತಿಯನ್ನು ನಕಲು ಮಾಡಿಕೊಳ್ಳುವುದಿಲ್ಲ. ಯಾವುದಾದರೂ ಒಂದು ಪುಟದಲ್ಲಿ ತಿದ್ದಿ ಬರೆಯುವ ಅಗತ್ಯ ಬರುವವರೆಗೆ ಎಲ್ಲವೂ ಅದೇ ಪುಟವನ್ನು ಹಂಚಿಕೊಂಡಿರುತ್ತವೆ. ಮೆಮೊರಿ ಉಳಿಸಲೆಂದೇ ಈ ಬದಲಾವಣೆ ಮಾಡಿದ್ದೆವು, ಅದು ಚೆನ್ನಾಗಿ ಫಲಿಸಿತು. ಬದಲಾವಣೆಯನ್ನು ಮಾಡಿದವರಲ್ಲಿ ನಾನೂ ಒಬ್ಬ. ಆ ದಿನ ಸಂಜೆ ಎಲ್ಲರೂ ಒಟ್ಟಿಗೆ ಚಹಾ ಕುಡಿದು ಮನೆಗೆ ಹೋದೆವು. 2015ರ ಪುಟ ಹಾಗೆಯೇ ಉಳಿಯಿತು. ಅದರಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ, ಆದರೂ ಅದು ಆ ಸಂಜೆಯಿಂದ ಸುಳ್ಳು ಹೇಳತೊಡಗಿತ್ತು.

ಮೂರು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಹಳಬರಿಗೆ ಆ ಪುಟದ ಅಗತ್ಯವಿರಲಿಲ್ಲ. ವಿಷಯ ನಮ್ಮ ತಲೆಯಲ್ಲಿತ್ತು. 2021ರಲ್ಲಿ ತಂಡಕ್ಕೆ ಹಾವೇರಿ ಕಡೆಯ ಒಬ್ಬ ಯುವಕ ಸೇರಿದರು. ಅವರ ಮೊದಲ ರಾತ್ರಿ ಪಾಳಿಯಲ್ಲಿ ಯಂತ್ರದ ಎಚ್ಚರಿಕೆಯ ಸಂದೇಶವೊಂದು ಬಂತು. ಯಾರನ್ನೂ ನಿದ್ದೆಯಿಂದ ಎಬ್ಬಿಸುವುದು ಬೇಡವೆಂದು ಅವರು ಪುಟವನ್ನು ತೆರೆದು, ಅಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಮಾಡಿದರು. ಒಟ್ಟು 24 ಪ್ರಕ್ರಿಯೆಗಳು. ಪ್ರತಿಯೊಂದರ ವಿಎಂ-ಆರ್‌ಎಸ್‌ಎಸ್ 520 ಮೆಗಾಬೈಟ್. ಕೂಡಿಸಿದಾಗ 12,480 ಮೆಗಾಬೈಟ್. ಪುಟ ಹೇಳಿದ ಮಿತಿ ದಾಟಿತ್ತು. ಅವರು ಪ್ರಕ್ರಿಯೆಗಳನ್ನು 12ಕ್ಕೆ ಇಳಿಸಿದರು.

ನಿಜವಾದ ಲೆಕ್ಕ ಹೀಗಿತ್ತು. 520ರಲ್ಲಿ 360 ಮೆಗಾಬೈಟ್ ಎಲ್ಲ ಪ್ರಕ್ರಿಯೆಗಳೂ ಹಂಚಿಕೊಂಡಿದ್ದ ಒಂದೇ ಭಾಗ. ಪ್ರತಿಯೊಂದರ ಸ್ವಂತದ್ದು 160 ಮಾತ್ರ. 24 ಬಾರಿ 160, ಜೊತೆಗೆ ಒಂದೇ ಒಂದು ಬಾರಿ 360. ಒಟ್ಟು 4,200 ಮೆಗಾಬೈಟ್. ಯಂತ್ರದ ಮುಕ್ಕಾಲು ಭಾಗ ಖಾಲಿಯಿತ್ತು. ಎಚ್ಚರಿಕೆ ಬಂದದ್ದೂ ಅದೇ ತಪ್ಪು ಸೂತ್ರದಿಂದ, ಅದನ್ನು ರೂಪಿಸಿದವರು ನನ್ನ ಪುಟವನ್ನೇ ಆಧರಿಸಿದ್ದರು.

ಆ ಸೇವೆ ರಕ್ತಪರೀಕ್ಷಾ ಕೇಂದ್ರಗಳ ಒಂದು ಸರಣಿಗೆ ವರದಿಗಳನ್ನು ತಲುಪಿಸುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಕೇಂದ್ರಗಳು ತೆರೆದಾಗ ಅರ್ಧದಷ್ಟು ಪ್ರಕ್ರಿಯೆಗಳಿಗೆ ಪೂರ್ಣ ಹೊರೆ ಬಿತ್ತು. ಕೋರಿಕೆಗಳು ಸಾಲುಗಟ್ಟಿದವು. ಎರಡು ಗಂಟೆಗಳ ಕಾಲ ವರದಿಗಳು ಸಿಗಲಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ವೃದ್ಧರು, ಶಸ್ತ್ರಚಿಕಿತ್ಸೆಗೆ ಮುನ್ನ ವರದಿಗಾಗಿ ಕಾದ ಕುಟುಂಬಗಳು, ಕೌಂಟರಿನಲ್ಲಿ ಬೈಗುಳ ಕೇಳಿಸಿಕೊಂಡ ಸಿಬ್ಬಂದಿ, ಇವರಲ್ಲಿ ಯಾರಿಗೂ ವಿಎಂ-ಆರ್‌ಎಸ್‌ಎಸ್ ಎಂದರೇನೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಯಾರಿಗೂ ಗಂಭೀರ ಹಾನಿಯಾಗಲಿಲ್ಲ ಎಂಬುದು ಸಮಾಧಾನದ ವಿಷಯ. ಆದರೆ ಅದು ನಮ್ಮ ಜಾಣ್ಮೆಯಿಂದ ಆದದ್ದಲ್ಲ.

ಮಧ್ಯಾಹ್ನ ಸಭೆ ಸೇರಿತು. "ಪ್ರಕ್ರಿಯೆಗಳನ್ನು ಯಾಕೆ ಇಳಿಸಿದಿರಿ?" ಎಂದು ಮೇಲಧಿಕಾರಿ ಕೇಳಿದರು. ಯುವಕ ತಗ್ಗಿದ ದನಿಯಲ್ಲಿ, "ಸರ್, ಪುಟದಲ್ಲಿ ಹಾಗೆ ಇತ್ತು" ಎಂದರು. ಯಾರೋ ನಕ್ಕರು. "ಆ ಪುರಾತನ ಪುಟವನ್ನು ಯಾರಾದರೂ ನಂಬುತ್ತಾರೇನ್ರೀ? ಸ್ವಲ್ಪ ಯೋಚಿಸಬೇಕಿತ್ತು" ಎಂದು ಇನ್ನೊಬ್ಬರು ಹೇಳಿದರು. ಅಲ್ಲಿದ್ದವರೆಲ್ಲರಿಗೂ ಆ ಪುಟ ಹಳತಾಗಿದೆಯೆಂದು ಗೊತ್ತಿತ್ತು. ಗೊತ್ತಿಲ್ಲದ್ದು ಆ ಒಬ್ಬರಿಗೆ ಮಾತ್ರ. ನಾನು ಮೇಜಿನ ಆ ಬದಿಯಲ್ಲಿ ಕುಳಿತಿದ್ದೆ. ಪುಟದ ಕೆಳಗಿದ್ದ ಹೆಸರು ನನ್ನದು. ನಾನು ಬಾಯಿ ತೆರೆಯಲಿಲ್ಲ.

ಓದುಗ ಮಿತ್ರರೇ, ಪುಟವನ್ನು ತಿದ್ದದೆ ಬಿಟ್ಟದ್ದು ಮರೆವು. ಮನುಷ್ಯನಿಗೆ ಮರೆವು ಸಹಜ. ಆದರೆ ಆ ಸಭೆಯ ಮೌನ ಮರೆವಾಗಿರಲಿಲ್ಲ. ಅದು ಲೆಕ್ಕಾಚಾರ. ಹೆಸರು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂಬ ಲೆಕ್ಕಾಚಾರ. ಒಬ್ಬ ಹೊಸಬನ ಮೇಲೆ ಬಿದ್ದ ತಪ್ಪು ಸ್ವಲ್ಪ ದಿನಗಳಲ್ಲಿ ಮರೆತುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ರಾತ್ರಿ ನಿದ್ದೆ ಬರಲಿಲ್ಲ. ತಂದೆಯವರ ದರದ ಹಲಗೆ ಕಣ್ಣ ಮುಂದೆ ಬಂತು. ಅವರು ತೀರಿಕೊಂಡು ಆಗ ಆರು ವರ್ಷಗಳಾಗಿದ್ದವು. ಅಂಗಡಿಗೆ ಬರುವ ಗಿರಾಕಿಯ ಹಣಕ್ಕಿಂತ ಅವನ ನಂಬಿಕೆ ದೊಡ್ಡ ಅಮಾನತ್ ಎಂದು ಅವರು ಹೇಳುತ್ತಿದ್ದರು. ಹಲಗೆಯನ್ನು ಓದಿ, ಚೌಕಾಸಿ ಮಾಡದೆ, ದುಡ್ಡು ಎಣಿಸಿಕೊಟ್ಟು ಹೋಗುವ ಗಿರಾಕಿ ಇದ್ದಾನಲ್ಲ, ಅವನೇ ಹೆಚ್ಚು ನಂಬಿದವನು, ಆದ್ದರಿಂದ ಅವನ ವಿಷಯದಲ್ಲೇ ಹೆಚ್ಚು ಎಚ್ಚರವಿರಬೇಕು ಎಂಬುದು ಅವರ ಮಾತು. ಆ ಯುವಕ ಮಾಡಿದ್ದಾದರೂ ಏನು? ನನ್ನ ಹಲಗೆಯನ್ನು ಓದಿ, ನಂಬಿ, ಅದರಂತೆ ನಡೆದರು. ನಾವು ಅವರ ನಂಬಿಕೆಯನ್ನೇ ಅವರ ತಪ್ಪೆಂದು ತೀರ್ಮಾನಿಸಿದೆವು.

ಮರುದಿನ ಬೆಳಿಗ್ಗೆ ಅದೇ ಜನರನ್ನು ಮತ್ತೆ ಸೇರಿಸಿದೆ. "ಪುಟ ಬರೆದವನು ನಾನು. 2018ರ ಬದಲಾವಣೆಯಲ್ಲಿ ಇದ್ದವನೂ ನಾನು. ಪುಟ ತಿದ್ದಬೇಕಾಗಿದ್ದವನೂ ನಾನೇ. ನಿನ್ನೆ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ" ಎಂದೆ. ಹೇಳುವಾಗ ದನಿ ಸ್ವಲ್ಪ ನಡುಗಿತು. ಯಾರೂ ಹೆಚ್ಚೇನೂ ಮಾತನಾಡಲಿಲ್ಲ. ಹೊರಗೆ ಬಂದ ಮೇಲೆ ಆ ಯುವಕ ನನ್ನ ಬಳಿ ಬಂದು, "ಸರ್, ರಾತ್ರಿಯೆಲ್ಲ ರಾಜೀನಾಮೆ ಪತ್ರ ಬರೆದು ಅಳಿಸಿ, ಬರೆದು ಅಳಿಸಿ ಮಾಡ್ತಿದ್ದೆ" ಎಂದರು. ಅಷ್ಟೇ ಹೇಳಿ ತಮ್ಮ ಜಾಗಕ್ಕೆ ಹೋದರು. ನನ್ನ ಒಂದು ದಿನದ ಮೌನದ ಬೆಲೆ ಎಷ್ಟಿತ್ತೆಂದು ಆಗ ತಿಳಿಯಿತು.

ನಂತರ ಪುಟವನ್ನು ಹೊಸದಾಗಿ ಬರೆಯಲು ಕುಳಿತೆ. ಒಂದು ಮಧ್ಯಾಹ್ನದ ಕೆಲಸವೆಂದು ಭಾವಿಸಿದ್ದೆ, ಎರಡು ವಾರ ಹಿಡಿಯಿತು. ನಮ್ಮ ಸೇವೆ ಬದಲಾದಂತೆಯೇ ಅದರ ಕೆಳಗಿದ್ದ ಲಿನಕ್ಸ್ ಕೂಡ ಬದಲಾಗುತ್ತಲೇ ಬಂದಿತ್ತು. ಮೂಲ ಕೈಪಿಡಿಗಳನ್ನು ಮೊದಲ ಬಾರಿಗೆ ತಾಳ್ಮೆಯಿಂದ ಓದಿದೆ.

ಕರ್ನಲ್‌ನ ಜೊತೆಗೇ ಬರುವ ದಾಖಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೋಷ್ಟಕಗಳ ಶೀರ್ಷಿಕೆಗಳು. ‘ಸ್ಟೇಟಸ್’ ಫೈಲಿನ ಸಾಲುಗಳನ್ನು ವಿವರಿಸುವ ಕೋಷ್ಟಕದ ತಲೆಯ ಮೇಲೆ, ಇದು 4.19ನೇ ಆವೃತ್ತಿಯ ಹೊತ್ತಿಗೆ ಇದ್ದ ಸ್ಥಿತಿ ಎಂದು ಬರೆದಿದೆ. ‘ಸ್ಟಾಟ್’ ಫೈಲಿನ ಕೋಷ್ಟಕ 2.6.30ರ ಕಾಲದ್ದೆಂದೂ, ‘ಸ್ಟಾಟ್‌ಎಂ’ ಫೈಲಿನದ್ದು 2.6.8ರ ಕಾಲದ್ದೆಂದೂ ಹೇಳಿಕೊಳ್ಳುತ್ತವೆ. ಇವು ಅಂತಿಮ ಆವೃತ್ತಿಗಳೂ ಅಲ್ಲ, ಅವುಗಳ ಪರೀಕ್ಷಾ ಹಂತದ ಪ್ರತಿಗಳು. ಅಂದರೆ 2004ರಲ್ಲಿ ನೋಡಿ ಬರೆದ ಕೋಷ್ಟಕವೊಂದು ಇಂದಿಗೂ ಅಲ್ಲಿದೆ. ಮೊದಲು ನನಗೆ ನಗು ಬಂತು. ಮತ್ತೆ ಯೋಚಿಸಿದಾಗ ಗೌರವ ಮೂಡಿತು. ಅದು ಹಳತಾಗಿರಬಹುದು, ಆದರೆ ತನ್ನ ತಾರೀಖನ್ನು ಮರೆಮಾಚಿಲ್ಲ. ಓದುವವನಿಗೆ ಅದು ಹೇಳುವುದಿಷ್ಟು: ನಾನು ನೋಡಿದ್ದು ಅಂದು, ಮುಂದಿನದನ್ನು ನೀನು ನೋಡಿಕೋ. ನನ್ನ ಪುಟಕ್ಕೆ ಈ ಪ್ರಾಮಾಣಿಕತೆಯೂ ಇರಲಿಲ್ಲ.

‘ಸ್ಟಾಟ್‌ಎಂ’ ಫೈಲಿನಲ್ಲಿ ಏಳು ಅಂಕಿಗಳಿವೆ. ಅವುಗಳಲ್ಲಿ ಎರಡು 2.6ನೇ ಆವೃತ್ತಿಯಿಂದ ಈಚೆಗೆ ಯಾವಾಗಲೂ ಸೊನ್ನೆ. ಒಂದು ಕಾಲದಲ್ಲಿ ಅವು ಗ್ರಂಥಾಲಯದ ಪುಟಗಳನ್ನೂ, ಬರೆದು ಇನ್ನೂ ಉಳಿಸದ ಪುಟಗಳನ್ನೂ ಎಣಿಸಲೆಂದು ಇದ್ದವು. ಈಗ ಯಾರೂ ಎಣಿಸುವುದಿಲ್ಲ. ಆದರೂ ಅವುಗಳನ್ನು ತೆಗೆದುಹಾಕಿಲ್ಲ. ಕಾರಣ, ಹಳೆಯ ಪ್ರೋಗ್ರಾಂಗಳು ಅಂಕಿಗಳನ್ನು ಸ್ಥಾನ ನೋಡಿ ಓದುತ್ತವೆ. ನಡುವಿನಿಂದ ಒಂದನ್ನು ತೆಗೆದರೆ ಅವೆಲ್ಲ ದಾರಿ ತಪ್ಪುತ್ತವೆ. ಹಳಬರಿಗೆ ತೊಂದರೆಯಾಗಬಾರದೆಂಬ ಈ ಕಾಳಜಿ ಒಳ್ಳೆಯದೇ. ಆದರೆ ಕೈಪಿಡಿ ತನ್ನ ಕೆಲಸ ಮಾಡದಿದ್ದರೆ ಹೊಸಬರು ಆ ಸೊನ್ನೆಯನ್ನು ನಿಜವಾದ ಸೊನ್ನೆಯೆಂದೇ ತಿಳಿಯುತ್ತಾರೆ. ಎಣಿಸಿ ಸಿಕ್ಕ ಸೊನ್ನೆ ಬೇರೆ, ಎಣಿಸುವುದನ್ನೇ ನಿಲ್ಲಿಸಿದ ಸೊನ್ನೆ ಬೇರೆ. ಈ ವ್ಯತ್ಯಾಸ ಯಂತ್ರದಲ್ಲಿ ಎಲ್ಲೂ ಇಲ್ಲ, ಕೈಪಿಡಿಯಲ್ಲಿ ಮಾತ್ರ ಇದೆ.

ಬಾವಿಯ ಸಮಸ್ಯೆಗೆ ಉತ್ತರವೂ ಬಹಳ ಹಿಂದೆಯೇ ಬಂದಿತ್ತು. 2.6.14ನೇ ಆವೃತ್ತಿಯಲ್ಲಿ, 2005ರಲ್ಲಿ, ‘ಸ್ಮ್ಯಾಪ್ಸ್’ ಎಂಬ ಫೈಲು ಸೇರಿತು. 2008ರ 2.6.25ರಲ್ಲಿ ಅದರೊಳಗೆ ‘ಪಿಎಸ್‌ಎಸ್’ ಎಂಬ ಸಾಲು ಬಂತು. ಇದು ಹಂಚಿಕೊಂಡ ಪ್ರತಿಯೊಂದು ಪುಟವನ್ನೂ ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ ಲೆಕ್ಕ ಹಾಕುತ್ತದೆ. ಹತ್ತು ಮನೆಗಳಿದ್ದರೆ ಪ್ರತಿ ಮನೆಗೂ ಬಾವಿಯ ಹತ್ತನೆಯ ಒಂದು ಪಾಲು. ನಮ್ಮ ಪ್ರಕರಣದಲ್ಲಿ 360ನ್ನು 24ರಿಂದ ಭಾಗಿಸಿದರೆ 15, ಸ್ವಂತದ 160 ಸೇರಿ 175. ಇದನ್ನು 24 ಬಾರಿ ಕೂಡಿಸಿದರೆ ಸರಿಯಾಗಿ 4,200. ಆದರೆ ಈ ಲೆಕ್ಕಕ್ಕೆ ಕರ್ನಲ್ ಪ್ರತಿಯೊಂದು ಪುಟವನ್ನೂ ಮುಟ್ಟಿ ನೋಡಬೇಕಾಗುತ್ತದೆ, ಹಾಗಾಗಿ ನಿಧಾನ. 2017ರ 4.14ರಲ್ಲಿ ಎಲ್ಲವನ್ನೂ ಕೂಡಿಸಿಯೇ ಕೊಡುವ ಇನ್ನೊಂದು ಫೈಲು ಬಂತು. ನಾನು 2015ರಲ್ಲಿ ಪುಟ ಬರೆಯುವಾಗ ಪಿಎಸ್‌ಎಸ್ ಬಂದು ಏಳು ವರ್ಷಗಳಾಗಿದ್ದವು. ನೋಡಲಿಲ್ಲ, ಅಷ್ಟೇ. 2016ರ 4.5ರಲ್ಲಿ ವಿಎಂ-ಆರ್‌ಎಸ್‌ಎಸ್ ಅನ್ನು ಮೂರು ಭಾಗಗಳಾಗಿ ಒಡೆದು ತೋರಿಸತೊಡಗಿದರು. 4.0ರಲ್ಲಿ ಸೇರಿದ್ದ ಒಂದು ಸಾಲು 4.15ರಲ್ಲಿ ಮಾಯವಾಯಿತು. ಒಂದೊಂದೂ ಸಣ್ಣ ಬದಲಾವಣೆ. ಆದರೆ ಒಂದೊಂದಕ್ಕೂ ಕೈಪಿಡಿಯ ಒಂದೊಂದು ವಾಕ್ಯ ಹಳತಾಗುತ್ತದೆ.

ಇನ್ನೂ ಆಳದಲ್ಲಿ ಮತ್ತೊಂದು ಸಂಗತಿಯಿತ್ತು. ವಿಎಂ-ಆರ್‌ಎಸ್‌ಎಸ್ ತಾನೇ ಒಂದು ಅಂದಾಜು. ಪ್ರತಿ ಪುಟಕ್ಕೂ ಒಂದು ಸಾಮಾನ್ಯ ಲೆಕ್ಕದ ಪುಸ್ತಕವನ್ನು ತಿದ್ದುತ್ತಾ ಕುಳಿತರೆ ಯಂತ್ರ ನಿಧಾನವಾಗುತ್ತದೆ. ಆದ್ದರಿಂದ 2010ರ 2.6.34ನೇ ಆವೃತ್ತಿಯಿಂದ ಪ್ರತಿ ಎಳೆಯೂ ತನ್ನ ಲೆಕ್ಕವನ್ನು ಚೀಟಿಯಲ್ಲಿಟ್ಟುಕೊಂಡು ಆಗಾಗ ಮಾತ್ರ ಮುಖ್ಯ ಪುಸ್ತಕಕ್ಕೆ ಏರಿಸತೊಡಗಿತು. ಕರ್ನಲ್‌ನ ಸ್ವಂತ ದಾಖಲೆ ಈ ಸಂಖ್ಯೆ ಅಷ್ಟು ನಿಖರವಲ್ಲವೆಂದು ಆಗಲೇ ಎಚ್ಚರಿಸಿತ್ತು. ಆದರೆ ಹೆಚ್ಚಿನವರು ಓದುವ ಕೈಪಿಡಿಯ ಪುಟಕ್ಕೆ ಆ ಎಚ್ಚರಿಕೆ ಬಂದು ಸೇರಲು ಸುಮಾರು ಹತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಎಷ್ಟು ಮಂದಿ ಆ ಅಂಕಿಯನ್ನು ಕೊನೆಯ ಪೈಸೆಯವರೆಗೂ ನಿಜವೆಂದು ನಂಬಿರಬಹುದು?

ನನ್ನ ಹೊಸ ಪುಟದಲ್ಲಿ ಇದನ್ನೆಲ್ಲ ವಿವರವಾಗಿ ಬರೆದೆ. ಇನ್ನು ನಿಶ್ಚಿಂತೆ ಎಂದುಕೊಂಡೆ. 2023ರ ಫೆಬ್ರುವರಿಯಲ್ಲಿ 6.2 ಬಿಡುಗಡೆಯಾಯಿತು, ಚೀಟಿಯ ಕ್ರಮವೇ ಬದಲಾಯಿತು. ಈಗ ಚೀಟಿ ಇಡುವುದು ಪ್ರತಿ ಎಳೆಯಲ್ಲ, ಪ್ರತಿ ಸಿಪಿಯು. ಒಂದು ಚೀಟಿಯಲ್ಲಿ ಎಷ್ಟು ಬಾಕಿ ಉಳಿಯಬಹುದೆಂಬುದು ಸಿಪಿಯುಗಳ ಸಂಖ್ಯೆಗೆ ತಕ್ಕಂತೆ ಬೆಳೆಯುತ್ತದೆ. 64 ಸಿಪಿಯುಗಳ ಯಂತ್ರದಲ್ಲಿ ಒಂದೊಂದರ ಬಳಿ ಸುಮಾರು 128 ಪುಟಗಳವರೆಗೆ ಬಾಕಿಯಿರಬಹುದು. ಎಲ್ಲ ಸೇರಿ 8,192 ಪುಟ. 4 ಕಿಲೋಬೈಟಿನ ಪುಟವಾದರೆ 32 ಮೆಗಾಬೈಟ್. 64 ಕಿಲೋಬೈಟಿನ ಪುಟಗಳನ್ನು ಬಳಸುವ ಯಂತ್ರವಾದರೆ 512 ಮೆಗಾಬೈಟ್. ಅಂತಹ ದೊಡ್ಡ ಯಂತ್ರಗಳಲ್ಲಿ ಕೆಲವು ಪ್ರಕ್ರಿಯೆಗಳ ಬಳಕೆ ಸೊನ್ನೆಯೆಂದೇ ಕಾಣುತ್ತಿತ್ತು. 2025ರಲ್ಲಿ ಅದನ್ನೂ ಸರಿಪಡಿಸಿ, ಬಳಕೆದಾರರಿಗೆ ತೋರಿಸುವ ಮುನ್ನ ಎಲ್ಲ ಚೀಟಿಗಳನ್ನೂ ಕೂಡಿಸುವ ವ್ಯವಸ್ಥೆ ಬಂತು. ನನ್ನ ಪುಟದ ಆ ಒಂದು ಪ್ಯಾರಾವನ್ನು ಹೀಗೆ ಎರಡು ಬಾರಿ ಮತ್ತೆ ಬರೆದೆ. ಮೂರನೆಯ ಬಾರಿಯೂ ಬರೆಯಬೇಕಾದೀತು.

ಈ ಕೈಪಿಡಿಗಳನ್ನು ತಿದ್ದುತ್ತಾ ಬಂದವರು ಯಾರು? ಹೆಚ್ಚಿನವರಿಗೆ ಅವರ ಹೆಸರು ಗೊತ್ತಿಲ್ಲ. ಮೈಕೆಲ್ ಕೆರಿಸ್ಕ್ 2004ರಿಂದ ಸುಮಾರು ಹದಿನೇಳು ವರ್ಷ ಲಿನಕ್ಸ್ ಕೈಪಿಡಿ ಪುಟಗಳ ಹೊಣೆ ಹೊತ್ತಿದ್ದರು. ಅವರ ನಂತರ ಅಲೆಹಾಂದ್ರೊ ಕೊಲೊಮಾರ್ ಆ ಕೆಲಸ ವಹಿಸಿಕೊಂಡರು. ಪ್ರೊಕ್ ಕುರಿತ ಉದ್ದನೆಯ ಒಂದೇ ಪುಟವನ್ನು ಪ್ರತಿ ಫೈಲಿಗೊಂದರಂತೆ ಸಣ್ಣ ಸಣ್ಣ ಪುಟಗಳಾಗಿ ಒಡೆದದ್ದು ಅವರ ಕಾಲದಲ್ಲಿ. 2024ರಲ್ಲಿ, ವರ್ಷಗಳ ಕಾಲ ಸಂಬಳವಿಲ್ಲದೆ ದುಡಿದ ನಂತರ, ಹೀಗೆ ಮುಂದುವರಿಯಲು ಸಾಧ್ಯವಿಲ್ಲವೆಂದು ಅವರು ಬಹಿರಂಗವಾಗಿ ಹೇಳಬೇಕಾಯಿತು. ಆಮೇಲೆ ಕೆಲವು ಸಂಸ್ಥೆಗಳು ನೆರವಿಗೆ ಬಂದವು. ಜಗತ್ತಿನ ಇಷ್ಟೊಂದು ಯಂತ್ರಗಳ ಲೆಕ್ಕಕ್ಕೆ ಅರ್ಥ ಕೊಡುವ ಪುಟಗಳು ಬೆರಳೆಣಿಕೆಯ ಜನರ ಬಿಡುವಿನ ವೇಳೆಯ ಮೇಲೆ ನಿಂತಿದ್ದವು. ನಾವು ಪ್ರತಿದಿನ ಆ ಪುಟಗಳಿಂದ ಅನ್ನ ಸಂಪಾದಿಸುತ್ತೇವೆ, ಅವರಿಗೊಂದು ಕೃತಜ್ಞತೆಯ ಪತ್ರವನ್ನೂ ಬರೆದವರಲ್ಲ.

ದಾಖಲೆಗಳು ಯಾಕೆ ಹಳತಾಗುತ್ತವೆ ಎಂದು ಆಗಾಗ ಯೋಚಿಸುತ್ತೇನೆ. ಸೋಮಾರಿತನ ಒಂದೇ ಕಾರಣವಲ್ಲ. ಪ್ರೋಗ್ರಾಂ ಕೆಟ್ಟರೆ ಯಂತ್ರ ಕೂಗಿಕೊಳ್ಳುತ್ತದೆ, ಪುಟ ಕೆಟ್ಟರೆ ಯಾವ ಸದ್ದೂ ಇಲ್ಲ. ಹೊಸ ಸೌಲಭ್ಯ ಕಟ್ಟಿದವನಿಗೆ ಬಡ್ತಿಯಿದೆ, ಹಳೆಯ ವಾಕ್ಯ ತಿದ್ದಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪುಟವನ್ನು ತಿದ್ದಬಲ್ಲವರಿಗೆ ಅದರ ಅಗತ್ಯವಿಲ್ಲ, ಅಗತ್ಯವಿರುವವರಿಗೆ ಅದನ್ನು ತಿದ್ದುವಷ್ಟು ತಿಳಿವಳಿಕೆಯಿಲ್ಲ. ಬಲ್ಲವರು ಬಾಯಿಮಾತಿನಲ್ಲಿ ಕೆಲಸ ಸಾಗಿಸುತ್ತಾರೆ. ಪೆಟ್ಟು ಬೀಳುವುದು ಕತ್ತಲಲ್ಲಿ ಒಬ್ಬನೇ ಕುಳಿತ ಹೊಸಬನಿಗೆ.

ಈಗ ನಮ್ಮ ತಂಡದಲ್ಲಿ ಕೆಲವು ನಿಯಮಗಳಿವೆ. ಪ್ರತಿ ಪುಟದ ತಲೆಯಲ್ಲಿ ಮೂರು ಸಂಗತಿಗಳಿರಬೇಕು: ಯಾರು ಪರಿಶೀಲಿಸಿದರು, ಯಾವ ದಿನ, ಯಾವ ಕರ್ನಲ್ ಆವೃತ್ತಿಯಲ್ಲಿ. ಹೇಳಿದ ಸಂಖ್ಯೆಯನ್ನು ಓದುವವನು ತಾನೇ ಪರೀಕ್ಷಿಸಿ ನೋಡುವ ವಿಧಾನ ಅಲ್ಲೇ ಇರಬೇಕು. ಸೇವೆಯಲ್ಲಿ ಬದಲಾವಣೆ ಮಾಡುವವರು ಸಂಬಂಧಿಸಿದ ಪುಟವನ್ನೂ ಅದೇ ದಿನ ತಿದ್ದಬೇಕು, ಇಲ್ಲದಿದ್ದರೆ ಬದಲಾವಣೆಗೆ ಒಪ್ಪಿಗೆಯಿಲ್ಲ. ಮೂರು ತಿಂಗಳಿಗೊಮ್ಮೆ ಪ್ರತಿ ಪುಟವನ್ನೂ ಒಬ್ಬ ಹೊಸಬರು ಓದಿ, ಹೇಳಿದಂತೆ ಮಾಡಿ ನೋಡುತ್ತಾರೆ. ಹಳಬರು ಓದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅವರು ಪುಟದಲ್ಲಿರುವುದನ್ನು ಓದದೆ ತಲೆಯಲ್ಲಿರುವುದನ್ನು ಓದುತ್ತಾರೆ. ನೋಡಿಕೊಳ್ಳುವವರಿಲ್ಲದ ಪುಟವನ್ನು ಅಳಿಸಿಬಿಡುತ್ತೇವೆ. ಪುಟವಿಲ್ಲದಿದ್ದರೆ ಜನ ಕೇಳುತ್ತಾರೆ, ಸುಳ್ಳು ಪುಟವಿದ್ದರೆ ಕೇಳುವುದೂ ಇಲ್ಲ. ಈ ನಿಯಮಗಳಲ್ಲಿ ಹೆಚ್ಚಿನವನ್ನು ಸೂಚಿಸಿದವರು ಹಾವೇರಿಯ ಆ ಯುವಕ. ಅವರೀಗ ಯುವಕರೇನೂ ಅಲ್ಲ, ತಂಡದ ಮುಖ್ಯಸ್ಥರು. ಮೆಮೊರಿಯ ಪುಟದ ತಲೆಯಲ್ಲಿ ಈಗ ನನ್ನ ಹೆಸರಿನ ಪಕ್ಕ ಅವರ ಹೆಸರೂ ಇದೆ.

ಇದನ್ನು ಓದುತ್ತಿರುವ ಅನೇಕರಿಗೆ ಕರ್ನಲ್ ಜೊತೆ ಯಾವ ವ್ಯವಹಾರವೂ ಇರಲಾರದು. ಆದರೆ ಹಳೆಯ ಪುಟಗಳು ನಮ್ಮೆಲ್ಲರ ಮನೆಯಲ್ಲಿವೆ. ಕಳೆದ ವರ್ಷ ನನ್ನ ತಾಯಿಯವರನ್ನು ನೋಡಲು ಊರಿಗೆ ಹೋಗಿದ್ದೆ. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅವರ ಮಾತ್ರೆಗಳ ಪಟ್ಟಿ ಅಂಟಿಸಿತ್ತು, ನನ್ನದೇ ಕೈಬರಹ. ಬೆಳಿಗ್ಗೆ ಇದು, ರಾತ್ರಿ ಅದು, ಇಷ್ಟು ಮಿಲಿಗ್ರಾಂ. ಪಕ್ಕದ ಮನೆಯ ಹುಡುಗಿ ದಿನವೂ ಬಂದು ಆ ಪಟ್ಟಿ ನೋಡಿ ಮಾತ್ರೆ ಎತ್ತಿಕೊಡುತ್ತಾಳೆ. ವೈದ್ಯರ ಹೊಸ ಚೀಟಿಯನ್ನು ಹುಡುಕಿ ತೆಗೆದು ಹೋಲಿಸಿದೆ. ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ವೈದ್ಯರು ನಾಲ್ಕು ದಿನಗಳ ಹಿಂದೆ ಅರ್ಧಕ್ಕೆ ಇಳಿಸಿದ್ದರು. ಪಟ್ಟಿಯಲ್ಲಿ ಹಳೆಯದೇ ಇತ್ತು. "ಅವಳು ಪಾಪ, ನೀನು ಬರೆದದ್ದನ್ನು ನೋಡಿಯೇ ಕೊಡುವುದು ಮಗಾ" ಎಂದರು ತಾಯಿ.

ಪಟ್ಟಿಯನ್ನು ಕಿತ್ತು ಹರಿದೆ. ಹೊಸ ಹಾಳೆಯಲ್ಲಿ ಮೊದಲು ತಾರೀಖು ಬರೆದೆ. ಆಮೇಲೆ ಬದಲಾಗದ ಮಾತ್ರೆಗಳನ್ನೂ ಸೇರಿಸಿ ಒಂದೊಂದನ್ನೂ ಪೆಟ್ಟಿಗೆಯಿಂದ ಹೊರತೆಗೆದು, ಮೇಲಿನ ಹೆಸರನ್ನು ಓದಿ, ಚೀಟಿಯೊಂದಿಗೆ ಹೋಲಿಸಿ, ಮತ್ತೆ ಬರೆದೆ. ಒಳಗೆ ಬಂದ ನನ್ನ ಮಗ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, "ಅಬ್ಬ, ಒಂದೇ ತಾನೇ ಬದಲಾದದ್ದು? ಅದನ್ನು ಮಾತ್ರ ತಿದ್ದಿದರೆ ಸಾಲದಾ?" ಎಂದು ಕೇಳಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತ್ರೆಗಳ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು, ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಓದಲು ಹೇಳಿದೆ.